ದೀಪ ಹಚ್ಚದೇ ಬೆಳಕು: ಕಂಪ್ಯೂಟರ್ ಆಟದ ಖೋಲಿಯೊಳಗೆ ಬೆಳಕು ಬರೋದು ಹ್ಯಾಂಗ?



ಈ ಸಲದ ಗೋಡೆ ಪತ್ರಿಕೆಗೆ ನಾನು ಬೆಳಕಿನ ವಿಷಯ ಆರಿಸಿಕೊಂಡಿದ್ದೇನೆ. ಇದು ಸೂರ್ಯನ ಬೆಳಕಲ್ಲ, ಬಲ್ಬಿನ ಬೆಳಕೂ ಅಲ್ಲ. ಕಂಪ್ಯೂಟರ್ ಆಟದ ಒಳಗೆ ಕಾಣುವ ಬೆಳಕು. ಮೊಬೈಲ್‌ನಲ್ಲಿ ಆಟ ಆಡುವಾಗ ಒಂದು ಖೋಲಿ ಬೆಳ್ಳಗೆ ಕಾಣುತ್ತದೆ, ಇನ್ನೊಂದು ಖೋಲಿ ಕತ್ತಲಾಗಿರುತ್ತದೆ. ಅಲ್ಲಿ ದೀಪ ಹಚ್ಚಿದವರು ಯಾರು? ಕರೆಂಟ್ ಎಲ್ಲಿಂದ ಬಂತು? ನಮ್ಮ ಶಕ್ತಿನಗರದಿಂದ ಅಂತೂ ಬಂದಿಲ್ಲ! ಬನ್ನಿ, ತಿಳಿಯೋಣ.

ಉತ್ತರ ಬಹಳ ಸಣ್ಣದು. ಅಲ್ಲಿ ಬೆಳಕು ಅಂದ್ರ ಒಂದು ಅಂಕಿ, ಅಷ್ಟೆ. ಆ ಅಂಕಿಯನ್ನು ಬರೆದವರು ಮನುಷ್ಯರು. ನಾವೂ ಬರೆಯಬಹುದು. ರಾಯಚೂರಿನ ಕಾಲೇಜಿನಲ್ಲಿ ಓದುವ ನಮ್ಮ ದೊಡ್ಡಪ್ಪನ ಮಗ ಅಣ್ಣ ರಜೆಗೆ ಊರಿಗೆ ಬಂದಾಗ ಇದನ್ನು ತೋರಿಸಿಕೊಟ್ಟ. ನಾನು ನೋಟ್ ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ನಿಮಗೆ ಹೇಳುತ್ತೇನೆ.

ಯಾವ ಆಟ ಇದು?

ಆಟದ ಹೆಸರು ಡೂಮ್. ಅಮೆರಿಕದ ಟೆಕ್ಸಾಸ್ ರಾಜ್ಯದ ಇಡ್ ಸಾಫ್ಟ್‌ವೇರ್ ಎಂಬ ಕಂಪನಿ ೧೯೯೩ರ ಡಿಸೆಂಬರ್ ೧೦ರಂದು ಇದನ್ನು ಹೊರಗೆ ತಂದಿತು. ನಮ್ಮ ಅಪ್ಪ ಅವ್ವ ಸಾಲಿಗೆ ಹೋಗುತ್ತಿದ್ದ ಕಾಲ ಅದು. ಚಿತ್ರ ಬರೆಯುವ ಕಾರ್ಯಕ್ರಮವನ್ನು ಬರೆದವರು ಜಾನ್ ಕಾರ್ಮ್ಯಾಕ್. ಖೋಲಿಗಳ ನಕ್ಷೆ ಮಾಡಿದವರಲ್ಲಿ ಜಾನ್ ರೊಮೆರೊ ಮತ್ತು ಸ್ಯಾಂಡಿ ಪೀಟರ್ಸನ್ ಮುಖ್ಯರು. ಆಡುವವನ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆಯೇ ಪರದೆಯ ಮೇಲೆ ಕಾಣುವುದು ಇದರ ವಿಶೇಷ.

೧೯೯೭ರ ಡಿಸೆಂಬರ್‌ನಲ್ಲಿ ಕಂಪನಿಯವರು ಆಟದ ಮೂಲ ಬರಹವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಆಮೇಲೆ ಬೇರೆ ಬೇರೆ ದೇಶದ ಜನ ಸೇರಿ ಫ್ರೀಡೂಮ್ ಎಂಬ ಪುಕ್ಕಟೆ ಆಟ ಮಾಡಿದರು. ಇದಕ್ಕೆ ರೊಕ್ಕ ಕೊಡಬೇಕಾಗಿಲ್ಲ. ನಕ್ಷೆ ಬರೆಯುವ ಯುರೇಕಾ, ಸ್ಲೇಡ್ ಎಂಬ ಕಾರ್ಯಕ್ರಮಗಳೂ ಪುಕ್ಕಟೆಯೇ. ಬಹಳ ಹಳೆಯ ಕಂಪ್ಯೂಟರಿನಲ್ಲಿಯೂ ಇವು ನಡೆಯುತ್ತವೆ. ಈ ಮಾತನ್ನು ನೆನಪಿಡಿ, ಕೊನೆಗೆ ಮತ್ತೆ ಹೇಳುತ್ತೇನೆ.

ಸೆಕ್ಟರ್ ಎಂದರೇನು?

ಊರಿನ ನಕ್ಷೆ ನೀವು ನೋಡಿದ್ದೀರಿ. ಮೇಲಿಂದ ಹದ್ದು ನೋಡಿದಂತೆ ಇರುತ್ತದೆ. ಡೂಮ್ ನಕ್ಷೆಯೂ ಹಾಗೆಯೇ. ಮೊದಲು ಚುಕ್ಕಿ ಇಡಬೇಕು. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯಬೇಕು. ಗೆರೆಗಳು ಸುತ್ತ ಕೂಡಿ ಒಳಗೆ ಮುಚ್ಚಿದ ಜಾಗ ಆಯಿತಲ್ಲ, ಅದಕ್ಕೆ ಸೆಕ್ಟರ್ ಅನ್ನುತ್ತಾರೆ. ಹೊಲಕ್ಕೆ ಬದು ಹಾಕಿದಂತೆ ಅಂತ ತಿಳಿಯಿರಿ. ಬದುವಿನ ಒಳಗಿನದು ಒಂದು ಹೊಲ, ಗೆರೆಯ ಒಳಗಿನದು ಒಂದು ಸೆಕ್ಟರ್.

ಪ್ರತಿ ಸೆಕ್ಟರಿಗೂ ಏಳು ಮಾಹಿತಿ ಇರುತ್ತವೆ:

೧. ನೆಲದ ಎತ್ತರ
೨. ಮಾಳಿಗೆಯ ಎತ್ತರ
೩. ನೆಲದ ಚಿತ್ರ
೪. ಮಾಳಿಗೆಯ ಚಿತ್ರ
೫. ಬೆಳಕಿನ ಅಂಕಿ
೬. ವಿಶೇಷ ಗುಣ
೭. ಗುರುತಿನ ನಂಬರು

ಇವತ್ತು ನಮಗೆ ಮುಖ್ಯವಾದದ್ದು ಐದನೆಯದು. ಆರು ಮತ್ತು ಏಳನ್ನು ಆಮೇಲೆ ನೋಡೋಣ.

ಸೊನ್ನೆಯಿಂದ ೨೫೫

ಬೆಳಕಿನ ಅಂಕಿ ೦ಯಿಂದ ೨೫೫ರವರೆಗೆ ಇರಬಹುದು. ೦ ಅಂದ್ರ ಅಮಾವಾಸ್ಯೆ ಕತ್ತಲೆ. ೨೫೫ ಅಂದ್ರ ನಮ್ಮ ರಾಯಚೂರು ಜಿಲ್ಲೆಯ ಏಪ್ರಿಲ್ ತಿಂಗಳ ಮಧ್ಯಾಹ್ನ. ೨೫೫ ಯಾಕೆ, ೧೦೦ ಯಾಕಿಲ್ಲ ಎಂದು ಕೇಳಬಹುದು. ಕಂಪ್ಯೂಟರಿಗೆ ೨ರ ಲೆಕ್ಕ ಸುಲಭ. ೨ನ್ನು ಎಂಟು ಸಲ ಗುಣಿಸಿದರೆ ೨೫೬. ಸೊನ್ನೆಯಿಂದ ಎಣಿಸಿದರೆ ಕೊನೆಯ ಅಂಕಿ ೨೫೫.

ಇಲ್ಲಿ ಒಂದು ಮಜಾ ಇದೆ. ೨೫೬ ಅಂಕಿ ಇದ್ದರೂ ಹಳೆಯ ಡೂಮ್ ಅಷ್ಟು ಬೆಳಕನ್ನು ಬೇರೆ ಬೇರೆ ತೋರಿಸುವುದಿಲ್ಲ. ಕೊಟ್ಟ ಅಂಕಿಯನ್ನು ೧೬ರಿಂದ ಭಾಗಿಸಿ, ಶೇಷವನ್ನು ಬಿಟ್ಟು ಬಿಡುತ್ತದೆ. ಉಳಿದದ್ದೇ ಬೆಳಕಿನ ಮೆಟ್ಟಿಲು. ೨೫೬ನ್ನು ೧೬ರಿಂದ ಭಾಗಿಸಿದರೆ ೧೬, ಅಂದರೆ ಒಟ್ಟು ಮೆಟ್ಟಿಲು ೧೬ ಮಾತ್ರ. ಸೊನ್ನೆಯಿಂದ ಎಣಿಸಿದರೆ ೦ಯಿಂದ ೧೫.

ಉದಾಹರಣೆ: ೧೬೦ನ್ನು ೧೬ರಿಂದ ಭಾಗಿಸಿದರೆ ೧೦. ೧೭೫ನ್ನು ಭಾಗಿಸಿದರೂ ೧೦, ಶೇಷ ೧೫. ಆದ್ದರಿಂದ ೧೬೦ ಕೊಟ್ಟರೂ ೧೭೫ ಕೊಟ್ಟರೂ ಕಣ್ಣಿಗೆ ಒಂದೇ. ೧೭೬ ಕೊಟ್ಟರೆ ೧೧, ಆಗ ಮೆಟ್ಟಿಲು ಬದಲಾಗುತ್ತದೆ. ಶೇಷ ಯಾಕೆ ಕಲಿಯಬೇಕು ಅಂತ ನಾಲ್ಕನೇ ತರಗತಿಯಲ್ಲಿ ಎಲ್ಲರೂ ಕೇಳುತ್ತಿದ್ದೆವು. ಇದಕ್ಕೇ ನೋಡ್ರಿ!

ನಮ್ಮ ಕಡೆಯ ಒಂದು ಮನೆಗೆ ಮಧ್ಯಾಹ್ನದ ಹೊತ್ತು ನಾನು ಕೊಟ್ಟ ಅಂಕಿಗಳು:

ಅಂಗಳ: ೨೫೫, ಮೆಟ್ಟಿಲು ೧೫
ಕಟ್ಟೆ, ಚಪ್ಪರದ ಕೆಳಗೆ: ೨೦೮, ಮೆಟ್ಟಿಲು ೧೩
ಪಡಸಾಲೆ: ೧೪೪, ಮೆಟ್ಟಿಲು ೯
ಅಡಗಿ ಮನಿ: ೧೧೨, ಮೆಟ್ಟಿಲು ೭
ಕಾಳಿನ ಚೀಲ ಇಡುವ ಖೋಲಿ: ೬೪, ಮೆಟ್ಟಿಲು ೪

ಬಣ್ಣದ ಮಗ್ಗಿ

ಈಗ ಪ್ರಶ್ನೆ. ಅಂಕಿ ಕೊಟ್ಟರೆ ಬಣ್ಣ ಹೇಗೆ ಕಪ್ಪಾಗುತ್ತದೆ?

ಆಗಿನ ಪರದೆಯಲ್ಲಿ ಅಡ್ಡ ೩೨೦, ಉದ್ದ ೨೦೦ ಚುಕ್ಕಿ. ಗುಣಿಸಿದರೆ ೬೪,೦೦೦ ಚುಕ್ಕಿ. ಸೆಕೆಂಡಿಗೆ ಹೆಚ್ಚೆಂದರೆ ೩೫ ಸಲ ಚಿತ್ರವನ್ನು ಹೊಸದಾಗಿ ಬರೆಯಬೇಕು. ಅಂದರೆ ಒಂದು ಸೆಕೆಂಡಿನಲ್ಲಿ ೨೨,೪೦,೦೦೦ ಚುಕ್ಕಿ! ಆ ಕಾಲದ ಕಂಪ್ಯೂಟರು ನಿಧಾನ. ೩೮೬ ಎಂಬ ಜಾತಿಯ ಯಂತ್ರ, ನೆನಪಿನ ಶಕ್ತಿ ೪ ಮೆಗಾಬೈಟ್ ಇದ್ದರೆ ಸಾಕು ಎಂದು ಕಂಪನಿ ಹೇಳಿತ್ತು. ಈಗ ಒಂದು ಮೊಬೈಲ್ ಫೋಟೋ ಅದಕ್ಕಿಂತ ದೊಡ್ಡದಿರಬಹುದು. ಪ್ರತಿ ಚುಕ್ಕಿಗೂ ಬೆಳಕಿನ ಲೆಕ್ಕ ಮಾಡುತ್ತ ಕೂತರೆ ಆಟ ಎತ್ತಿನ ಬಂಡಿಗಿಂತ ನಿಧಾನ ಆಗುತ್ತಿತ್ತು.

ಅದಕ್ಕೆ ಅವರು ಮಾಡಿದ ಉಪಾಯ ನಮಗೆಲ್ಲ ಗೊತ್ತಿರುವುದೇ. ೭ × ೮ ಎಷ್ಟು ಎಂದು ಗುರುಗಳು ಕೇಳಿದರೆ ನಾವು ಕೂಡಿಸುತ್ತ ಕೂರುವುದಿಲ್ಲ. ಮಗ್ಗಿ ಬಾಯಿಪಾಠ ಇರುತ್ತದೆ, ತಟ್ಟನೆ ೫೬ ಅನ್ನುತ್ತೇವೆ. ಡೂಮ್‌ನಲ್ಲಿ ಹೀಗೆಯೇ ಬಣ್ಣದ ಮಗ್ಗಿ ಇದೆ. ಅದರ ಹೆಸರು ಕಲರ್‌ಮ್ಯಾಪ್. ಆಟದಲ್ಲಿ ಇರುವ ಬಣ್ಣ ೨೫೬ ಮಾತ್ರ. ಮಗ್ಗಿಯಲ್ಲಿ ಬೆಳಕಿಗಾಗಿ ೩೨ ಸಾಲು. ೦ನೇ ಸಾಲಿನಲ್ಲಿ ಬಣ್ಣ ಇದ್ದ ಹಾಗೇ ಇರುತ್ತದೆ. ಕೆಳಗೆ ಇಳಿದಂತೆ ಕಪ್ಪಾಗುತ್ತದೆ. ೩೧ನೇ ಸಾಲು ಹೆಚ್ಚು ಕಡಿಮೆ ಕಾಡಿಗೆ. ಒಟ್ಟು ೨೫೬ × ೩೨ = ೮,೧೯೨ ಉತ್ತರ ಮೊದಲೇ ಬರೆದಿಟ್ಟಿರುತ್ತಾರೆ. ಕಂಪ್ಯೂಟರು ಸಾಲು ನೋಡಿ ಬಣ್ಣ ಎತ್ತಿಕೊಳ್ಳುತ್ತದೆ, ಅಷ್ಟೆ.

ದೂರ ಹೋದಂತೆ ಕತ್ತಲೆ

ರಾತ್ರಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋದವರಿಗೆ ಗೊತ್ತು. ಹತ್ತಿರದ ಬದು ಕಾಣುತ್ತದೆ, ದೂರದ ಬೇವಿನ ಗಿಡ ಕಾಣುವುದಿಲ್ಲ. ಡೂಮ್‌ನಲ್ಲಿ ಕೂಡ ಒಂದೇ ಖೋಲಿಯ ದೂರದ ಗೋಡೆ ಹತ್ತಿರದ ಗೋಡೆಗಿಂತ ಕಪ್ಪಾಗಿ ಕಾಣುತ್ತದೆ.

ಇದರ ಸೂತ್ರ ಸರಳ. ೧೫ರಲ್ಲಿ ಮೆಟ್ಟಿಲು ಕಳೆದು ೪ರಿಂದ ಗುಣಿಸಬೇಕು. ಅದು ದೂರದಲ್ಲಿ ಬಳಸುವ ಮಗ್ಗಿಯ ಸಾಲು. ಪಡಸಾಲೆಯ ಮೆಟ್ಟಿಲು ೯. ೧೫ರಲ್ಲಿ ೯ ಹೋದರೆ ೬, ಅದನ್ನು ೪ರಿಂದ ಗುಣಿಸಿದರೆ ೨೪. ಅಂದರೆ ದೂರದ ಗೋಡೆಗೆ ೨೪ನೇ ಸಾಲು. ನಾವು ಗೋಡೆಯ ಹತ್ತಿರ ಹೋದಂತೆ ಸಾಲು ಮೇಲಕ್ಕೆ ಏರುತ್ತ ಹೋಗಿ ಬಣ್ಣ ತಿಳಿಯಾಗುತ್ತದೆ.

ಅಂಗಳದ ಮೆಟ್ಟಿಲು ೧೫. ೧೫ರಲ್ಲಿ ೧೫ ಹೋದರೆ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆ. ಅದಕ್ಕೇ ೨೫೫ ಇದ್ದ ಕಡೆ ಎಷ್ಟು ದೂರ ಇದ್ದರೂ ಮಬ್ಬಾಗುವುದಿಲ್ಲ. ಮೆಟ್ಟಿಲು ೦ ಇದ್ದ ಕಡೆ ೧೫ × ೪ = ೬೦ ಬರುತ್ತದೆ. ಮಗ್ಗಿ ೩೧ಕ್ಕೇ ಮುಗಿಯುತ್ತದೆ, ಆದ್ದರಿಂದ ೩೧ ಎಂದೇ ಹಿಡಿಯುತ್ತದೆ. ಅಲ್ಲಿ ಮೂಗು ಗೋಡೆಗೆ ತಾಗಿದರೂ ಗೋಡೆ ಕಾಣುವುದಿಲ್ಲ! ಆಡುವವರಿಗೆ ದಾರಿ ಸಿಗಬೇಕೆಂದರೆ ಖೋಲಿಗೆ ಸೊನ್ನೆ ಕೊಡಬಾರದು ಎಂದು ಇದರಿಂದ ತಿಳಿಯುತ್ತದೆ.

ಮೂಲೆ ಕಾಣಲೆಂದು ಒಂದು ಸುಳ್ಳು

ನಾಲ್ಕೂ ಗೋಡೆಗೆ ಒಂದೇ ಸುಣ್ಣ, ಒಂದೇ ಬೆಳಕು ಇದ್ದರೆ ಚಿತ್ರದಲ್ಲಿ ಮೂಲೆ ಎಲ್ಲಿ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಡೂಮ್ ಒಂದು ಸುಳ್ಳು ಹೇಳುತ್ತದೆ. ನಕ್ಷೆಯಲ್ಲಿ ಪೂರ್ವ ಪಶ್ಚಿಮವಾಗಿ ನೇರ ಹೋಗುವ ಗೋಡೆಗೆ ಒಂದು ಮೆಟ್ಟಿಲು ಕಡಿಮೆ ಮಾಡುತ್ತದೆ. ಉತ್ತರ ದಕ್ಷಿಣವಾಗಿ ನೇರ ಹೋಗುವ ಗೋಡೆಗೆ ಒಂದು ಮೆಟ್ಟಿಲು ಹೆಚ್ಚು ಮಾಡುತ್ತದೆ. ಓರೆ ಗೋಡೆಗೆ ಏನೂ ಮಾಡುವುದಿಲ್ಲ. ನಾವು ಅಂಕಿ ಕೊಡದಿದ್ದರೂ ಇದು ತಾನಾಗಿಯೇ ಆಗುತ್ತದೆ. ಚಿತ್ರಕಲೆ ತಾಸಿನಲ್ಲಿ ಪೆಟ್ಟಿಗೆ ಬರೆಯುವಾಗ ಒಂದು ಮಗ್ಗುಲಿಗೆ ಪೆನ್ಸಿಲ್ಲಿನಿಂದ ನೆರಳು ತೀಡುತ್ತೇವಲ್ಲ, ಅದೇ ಕೆಲಸ.

ದೀಪದ ಬುಡಕ ಕತ್ತಲಿ

ಎಲ್ಲಕ್ಕಿಂತ ಆಶ್ಚರ್ಯದ ವಿಷಯ ಈಗ ಬರುತ್ತದೆ. ಡೂಮ್‌ನಲ್ಲಿ ಬೆಳಕು ಹರಿಯುವುದಿಲ್ಲ. ಕಿಟಕಿ ಇಟ್ಟರೆ ಬಿಸಿಲು ಒಳಗೆ ಬರುವುದಿಲ್ಲ. ಖೋಲಿಯ ನಡುವೆ ಮೇಣದ ಬತ್ತಿ ಇಟ್ಟರೆ ಬತ್ತಿಯ ಚಿತ್ರ ಮಾತ್ರ ಹೊಳೆಯುತ್ತದೆ, ಸುತ್ತಲಿನ ನೆಲ ಕತ್ತಲಾಗಿಯೇ ಉಳಿಯುತ್ತದೆ. ದೀಪದ ಬುಡಕ ಕತ್ತಲಿ ಎಂಬ ಗಾದೆ ಮಾತು ಇಲ್ಲಿ ಅಕ್ಷರಶಃ ನಿಜ.

ಹಾಗಾದರೆ ಬಿಸಿಲು ತೋರಿಸುವುದು ಹೇಗೆ? ಬಿಸಿಲಿನ ಆಕಾರವನ್ನು ನಾವೇ ಬರೆಯಬೇಕು. ಬೆಳಕಿಂಡಿಯಿಂದ ನೆಲಕ್ಕೆ ಬೀಳುವ ಬಿಸಿಲಿನ ತುಂಡು ಓರೆಯಾದ ಚೌಕ ಇರುತ್ತದೆ. ಪಡಸಾಲೆ ಸೆಕ್ಟರಿನ ಒಳಗೆ ಅದೇ ಆಕಾರದ ಸಣ್ಣ ಸೆಕ್ಟರ್ ಬರೆದು ನೆಲದ ಎತ್ತರ ಅಷ್ಟೇ ಇಟ್ಟು, ಬೆಳಕನ್ನು ಮಾತ್ರ ೨೨೪ ಮಾಡಬೇಕು. ನೆರಳು ಬೇಕಿದ್ದರೆ ಇದರ ಉಲ್ಟಾ. ಅಂಗಳದಲ್ಲಿ ಬೇವಿನ ಗಿಡದ ನೆರಳಿನ ಆಕಾರ ಬರೆದು ೧೭೬ ಕೊಟ್ಟರೆ ತಂಪು ನೆರಳು ತಯಾರು.

ಬಾಗಿಲಿನಿಂದ ಒಳಗೆ ಹೋದಂತೆ ಬೆಳಕು ನಿಧಾನವಾಗಿ ಕಡಿಮೆ ಆಗಬೇಕೆಂದರೆ ನೆಲವನ್ನು ಪಟ್ಟಿ ಪಟ್ಟಿಯಾಗಿ ಸೀಳಬೇಕು. ೨೦೮, ೧೯೨, ೧೭೬, ೧೬೦, ೧೪೪ ಹೀಗೆ ಒಂದೊಂದು ಪಟ್ಟಿಗೆ ೧೬ ಕಡಿಮೆ ಮಾಡುತ್ತ ಹೋಗಬೇಕು. ೧೦ ಕಡಿಮೆ ಮಾಡಿದರೆ ಕೆಲವು ಪಟ್ಟಿ ಒಂದೇ ಥರ ಕಾಣುತ್ತವೆ, ಕಾರಣ ಮೇಲೆ ಹೇಳಿದ್ದೇನೆ.

ಒಂದು ತೊಡಕು ಇದೆ. ಸೆಕ್ಟರಿನ ಅಂಕಿ ನೆಲಕ್ಕೂ ಮಾಳಿಗೆಗೂ ಒಂದೇ. ನೆಲದ ಮೇಲೆ ಬಿಸಿಲಿನ ತುಂಡು ಬರೆದರೆ ಅದರ ನೇರ ಮೇಲಿನ ಮಾಳಿಗೆಯೂ ಬೆಳ್ಳಗಾಗುತ್ತದೆ. ಅಲ್ಲಿ ನಿಂತ ಮನುಷ್ಯನ ಚಿತ್ರಕ್ಕೂ ಅದೇ ಬೆಳಕು. ೧೯೯೮ರಲ್ಲಿ ಬಂದ ಬೂಮ್ ಎಂಬ ಸುಧಾರಿಸಿದ ಕಾರ್ಯಕ್ರಮದಲ್ಲಿ ನೆಲಕ್ಕೆ ಬೇರೆ, ಮಾಳಿಗೆಗೆ ಬೇರೆ ಬೆಳಕು ಕೊಡುವ ಸೌಕರ್ಯ ಮಾಡಿದರು. ಗೆರೆಗೆ ೨೧೩ ಎಂಬ ಗುಣ ಕೊಟ್ಟರೆ ನೆಲದ ಬೆಳಕು, ೨೬೧ ಕೊಟ್ಟರೆ ಮಾಳಿಗೆಯ ಬೆಳಕು ಬೇರೆಯಾಗುತ್ತದೆ.

ಮಿಣುಕುವ ಬೆಳಕು

ಈಗ ಆರನೆಯ ಮಾಹಿತಿ, ವಿಶೇಷ ಗುಣ. ಇದೂ ಒಂದು ಅಂಕಿಯೇ. ಬೆಳಕಿಗೆ ಸಂಬಂಧಪಟ್ಟವು ಇವು:

೧: ಹೊತ್ತು ಗೊತ್ತಿಲ್ಲದೆ ಮಿಣುಕುವುದು. ಕೆಟ್ಟ ಟ್ಯೂಬ್ ಲೈಟಿನ ಹಾಗೆ.
೨: ಬೇಗ ಬೇಗ ಮಿಣುಕುವುದು. ಕತ್ತಲೆ ಸುಮಾರು ಅರ್ಧ ಸೆಕೆಂಡ್.
೩: ನಿಧಾನ ಮಿಣುಕುವುದು. ಕತ್ತಲೆ ಒಂದು ಸೆಕೆಂಡ್.
೮: ನಿಧಾನವಾಗಿ ಏರಿ ಇಳಿಯುವುದು. ಸಂಜೆ ಹೊತ್ತು ವೋಲ್ಟೇಜ್ ಏರಿಳಿದ ಹಾಗೆ.
೧೨ ಮತ್ತು ೧೩: ಮೂರು ಮತ್ತು ಎರಡರ ಥರವೇ, ಆದರೆ ಇಂಥ ಎಲ್ಲ ಖೋಲಿಗಳೂ ಒಟ್ಟಿಗೆ ಮಿಣುಕುತ್ತವೆ. ಜಾತ್ರೆಯ ಸೀರಿಯಲ್ ಸೆಟ್ ಹಾಗೆ.
೧೭: ಬೆಂಕಿಯ ಬೆಳಕು ಕುಣಿದ ಹಾಗೆ.

ಎಷ್ಟು ಕತ್ತಲೆಗೆ ಇಳಿಯಬೇಕು ಎಂಬುದನ್ನು ಪಕ್ಕದ ಸೆಕ್ಟರ್ ನೋಡಿ ತಿಳಿಯುತ್ತದೆ. ನೆರೆಯ ಸೆಕ್ಟರುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಯಾವುದೋ ಅಲ್ಲಿಯವರೆಗೆ ಇಳಿಯುತ್ತದೆ. ೧೭ ಮಾತ್ರ ಅದಕ್ಕಿಂತ ೧೬ ಮೇಲೆ ನಿಲ್ಲುತ್ತದೆ. ನೆರೆಯಲ್ಲಿ ಕಡಿಮೆ ಬೆಳಕಿನದು ಇಲ್ಲವೇ ಇಲ್ಲ ಅಂದ್ರ ೨ ಮತ್ತು ೩ ಪೂರ್ತಿ ಸೊನ್ನೆಗೆ ಇಳಿಯುತ್ತವೆ, ೮ ಏರಿಳಿಯುವುದೇ ಇಲ್ಲ. ನೆರೆಹೊರೆ ನೋಡಿ ನಡೆಯುವುದು ಇಲ್ಲಿಯೂ ಇದೆ!

ಏಳನೆಯದು ಗುರುತಿನ ನಂಬರು. ಗೋಡೆಯ ಸ್ವಿಚ್ಚಿಗೆ ಒಂದು ನಂಬರು, ಖೋಲಿಗೂ ಅದೇ ನಂಬರು ಕೊಟ್ಟರೆ ಇಬ್ಬರಿಗೂ ವೈರ್ ಎಳೆದಂತೆ. ಸ್ವಿಚ್ಚಿನ ಗೆರೆಗೆ ೧೩೮ ಎಂಬ ಗುಣ ಕೊಟ್ಟರೆ ಒತ್ತಿದಾಗ ಬೆಳಕು ೨೫೫ ಆಗುತ್ತದೆ. ೧೩೯ ಕೊಟ್ಟರೆ ೩೫ಕ್ಕೆ ಇಳಿಯುತ್ತದೆ. ದಾಟುವ ಗೆರೆಗೆ ೩೫ ಎಂಬ ಗುಣ ಕೊಟ್ಟರೆ, ಹೊಸ್ತಿಲು ದಾಟಿದ ಕೂಡಲೇ ಖೋಲಿಯ ಬೆಳಕು ೩೫ ಆಗುತ್ತದೆ. ಕರೆಂಟ್ ಹೋಯ್ತು ಅಂತ ನಮ್ಮೂರಾಗ ಯಾರಿಗೂ ಬೇರೆ ಹೇಳಬೇಕಾಗಿಲ್ಲ.

ಒಂದು ಗುಡಿ ಕಟ್ಟೋಣ

ದೇವದುರ್ಗ ತಾಲೂಕಿನ ಗಬ್ಬೂರಿನಲ್ಲಿ ಹಳೆಯ ಕಲ್ಲಿನ ಗುಡಿಗಳಿವೆ. ಅಂಥ ಒಂದು ಗುಡಿಯನ್ನು ನಕ್ಷೆಯಲ್ಲಿ ಕಟ್ಟುವುದಾದರೆ ಅಂಕಿ ಹೀಗೆ ಕೊಡಬಹುದು. ಹೊರಗೆ ೨೫೫. ಮುಂದಿನ ಮಂಟಪ ೨೦೮. ಕಂಬಗಳ ನಡುವಿನ ನವರಂಗ ೧೪೪. ಗರ್ಭಗುಡಿ ೮೦. ಗರ್ಭಗುಡಿಯೊಳಗೆ ಒಂದು ಸಣ್ಣ ಎಂಟು ಮೂಲೆಯ ಸೆಕ್ಟರ್ ಬರೆದು ೧೬೦ ಕೊಟ್ಟು, ವಿಶೇಷ ಗುಣ ೧೭ ಮಾಡಬೇಕು. ನಡುವೆ ದೀಪ ಇಡಬೇಕು. ನೆರೆಯ ಅಂಕಿ ೮೦, ಅದಕ್ಕೆ ೧೬ ಕೂಡಿಸಿದರೆ ೯೬. ಆದ್ದರಿಂದ ದೀಪದ ಸುತ್ತಲಿನ ಬೆಳಕು ೧೬೦ಕ್ಕೂ ೯೬ಕ್ಕೂ ನಡುವೆ ಕುಣಿಯುತ್ತದೆ. ಎಣ್ಣೆ ದೀಪ ಗಾಳಿಗೆ ಅಲುಗಿದ ಹಾಗೇ ಕಾಣುತ್ತದೆ. ಇದನ್ನು ಅಣ್ಣ ಮಾಡಿ ತೋರಿಸಿದಾಗ ನಮ್ಮ ಅಜ್ಜಿ ಪರದೆಗೆ ಕೈ ಮುಗಿದಳು.

ರಾಯಚೂರಿನ ಕೋಟೆಯನ್ನೂ ಹೀಗೆ ಮಾಡಬಹುದು. ಅಲ್ಲಿಯ ಶಾಸನದ ಪ್ರಕಾರ ಕೋಟೆ ಕಟ್ಟಿದ್ದು ೧೨೯೪ರಲ್ಲಿ. ದರವಾಜದ ಹೊರಗೆ ಉರಿ ಬಿಸಿಲು, ಕಮಾನಿನ ಕೆಳಗೆ ತಂಪು ನೆರಳು, ದಾಟಿದರೆ ಮತ್ತೆ ಬಿಸಿಲು. ೨೫೫, ೧೨೮, ೨೫೫. ಮೂರು ಅಂಕಿಯಲ್ಲಿ ಒಂದು ದರವಾಜ ಆಯಿತು.

ಗುರುಗಳಲ್ಲಿ ಒಂದು ವಿನಂತಿ

ಕಂಪ್ಯೂಟರ್ ಆಟ ಅಂದರೆ ಹೊಡೆದಾಟ, ಓದು ಕೆಡುತ್ತದೆ ಎಂದು ಹಿರಿಯರು ಹೇಳುತ್ತಾರೆ. ಡೂಮ್ ಆಟದಲ್ಲಿ ಗುಂಡು ಹೊಡೆಯುವುದು ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನಕ್ಷೆ ನಾವು ಮಾಡಿದರೆ ಅದರಲ್ಲಿ ಒಂದೂ ರಾಕ್ಷಸ ಇಡದೇ ಮಾಡಬಹುದು. ಬರೀ ಮನೆ, ಗುಡಿ, ಕೋಟೆ, ಸಾಲಿ ಕಟ್ಟಿ ಅದರೊಳಗೆ ನಡೆದಾಡಬಹುದು. ಆಡುವುದು ಬೇರೆ, ಕಟ್ಟುವುದು ಬೇರೆ.

ಈಗಿನ ದೊಡ್ಡ ಆಟಗಳಲ್ಲಿ ಬೆಳಕಿನ ಕಿರಣ ಎಲ್ಲಿ ಬಿದ್ದು ಎಲ್ಲಿಗೆ ಪುಟಿಯುತ್ತದೆ ಎಂದು ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಅದಕ್ಕೆ ಬಹಳ ರೊಕ್ಕದ ಯಂತ್ರ ಬೇಕು. ಅಂಥದ್ದು ನಮ್ಮಲ್ಲಿ ಇಲ್ಲ. ಇರುವುದು ಹಳೆಯ ಕಂಪ್ಯೂಟರು. ಹೊಸ ಆಟ ಅದರಲ್ಲಿ ನಡೆಯುವುದಿಲ್ಲ ಎಂದು ಎಲ್ಲರೂ ಅದನ್ನು ಕೆಲಸಕ್ಕೆ ಬಾರದ್ದು ಅನ್ನುತ್ತಾರೆ. ಆದರೆ ಅದಕ್ಕಿಂತ ಎಷ್ಟೋ ಸಣ್ಣ ಯಂತ್ರಕ್ಕಾಗಿ ಮಾಡಿದ ಈ ಕೆಲಸ ಅದರಲ್ಲಿ ಚೆನ್ನಾಗಿ ನಡೆಯುತ್ತದೆ. ಭಾಗಾಕಾರ, ದಿಕ್ಕು, ನಕ್ಷೆ, ಅಳತೆ, ನೆರಳು ಎಲ್ಲಾ ಇದರೊಳಗೆ ಬರುತ್ತವೆ. ಆದ್ದರಿಂದ ಶನಿವಾರ ಬೆಳಗಿನ ಸಾಲಿ ಬಿಟ್ಟ ಮ್ಯಾಲ ಒಂದು ತಾಸು ಕಂಪ್ಯೂಟರ್ ಖೋಲಿಯ ಕೀಲಿ ತೆಗೆಸಿಕೊಡಬೇಕೆಂದು ವಿನಂತಿ. ನಮ್ಮ ಜೊತೆ ಒಬ್ಬ ಗುರುಗಳು ಕೂತರೆ ಇನ್ನೂ ಸಂತೋಷ. ಧೂಳು ಒರೆಸುವ ಕೆಲಸ ಏಳನೇ ತರಗತಿಯವರದು.

ಗೆಳೆಯರಿಗೆ ಮನೆಗೆಲಸ

ಇದಕ್ಕೆ ಕಂಪ್ಯೂಟರ್ ಬೇಕಾಗಿಲ್ಲ. ರವಿವಾರ ಮಧ್ಯಾಹ್ನ ೧೨ ಗಂಟೆಗೆ ಚೌಕದ ಹಾಳೆಯ ಮೇಲೆ ನಿಮ್ಮ ಮನೆಯ ನಕ್ಷೆ ಬರೆಯಿರಿ. ಉತ್ತರ ದಿಕ್ಕು ಮೇಲೆ ಇರಲಿ. ಅಂಗಳಕ್ಕೆ ೨೫೫ ಕೊಟ್ಟು, ಪ್ರತಿ ಖೋಲಿಗೂ ಕಣ್ಣಿನ ಅಂದಾಜಿನಲ್ಲಿ ಅಂಕಿ ಕೊಡಿ. ಬಿಸಿಲಿನ ತುಂಡು ಎಲ್ಲಿ ಬಿದ್ದಿದೆ, ಅದರ ಆಕಾರ ಹೇಗಿದೆ, ಅದನ್ನೂ ಬರೆಯಿರಿ. ಸಂಜೆ ೬ ಗಂಟೆಗೆ ಮತ್ತೆ ನೋಡಿ, ಬೇರೆ ಬಣ್ಣದ ಪೆನ್ನಿನಲ್ಲಿ ಅಂಕಿ ತಿದ್ದಿ. ನಿಮ್ಮ ಅವ್ವ ಅಡಗಿ ಮಾಡುವ ಜಾಗಕ್ಕೆ ಎಷ್ಟು ಅಂಕಿ ಬಂತು ಎಂದು ಬರೆಯುವುದನ್ನು ಮರೆಯಬೇಡಿ. ನಮ್ಮ ಮನೆಯಲ್ಲಿ ೧೧೨ ಎಂದು ಬರೆದು ಅಪ್ಪನಿಗೆ ತೋರಿಸಿದೆ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ತೆಗೆಸೋಣ ಎಂದಿದ್ದಾರೆ. ನಿಜವಾದ ಮನೆಯಲ್ಲಿ ಬೆಳಕು ತಾನೇ ಹರಿದು ಬರುತ್ತದೆ, ಪಟ್ಟಿ ಸೀಳುವ ಕೆಲಸವಿಲ್ಲ.

ಹಾಳೆಗಳನ್ನು ಸೋಮವಾರ ನನ್ನ ಕೈಗೆ ಕೊಡಿರಿ. ಚೆನ್ನಾಗಿರುವುದನ್ನು ಮುಂದಿನ ಗೋಡೆ ಪತ್ರಿಕೆಯಲ್ಲಿ ಅಂಟಿಸೋಣ.

ಇತಿ ನಿಮ್ಮವ,
ಏಳನೇ ತರಗತಿಯ ವಿದ್ಯಾರ್ಥಿ